ವಿಎಂ ಎಕ್ಸಿಟ್: ಕರ್ನಲ್‌ನಲ್ಲೇ ಮುಗಿಯೋದು, ಯೂಸರ್‌ಸ್ಪೇಸ್‌ವರೆಗೆ ಹೋಗೋದು

ಎರಡು ವಾರ ತಲೆ ತಿಂದ ವಿಷಯ ಇದು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಕೆವಿಎಂ ಅಂದರೆ ಲಿನಕ್ಸ್ ಕರ್ನಲ್‌ನಲ್ಲೇ ಇರುವ, ವರ್ಚುವಲ್ ಮಷೀನ್ (ವಿಎಂ) ಓಡಿಸುವ ವ್ಯವಸ್ಥೆ. ವಿಎಂ ಒಳಗೆ ಓಡುವುದು ಗೆಸ್ಟ್, ಅದನ್ನು ಓಡಿಸುವ ನಿಜವಾದ ಯಂತ್ರ ಹೋಸ್ಟ್. ಗೆಸ್ಟ್ ನಿಂತು ಹಿಡಿತ ಹೋಸ್ಟ್ ಕರ್ನಲ್‌ಗೆ ಬರುವುದೇ ಎಕ್ಸಿಟ್. ಕರ್ನಲ್‌ನ ಹೊರಗೆ ಸಾಮಾನ್ಯ ಪ್ರೋಗ್ರಾಮ್‌ಗಳು ಓಡುವ ಜಾಗ ಯೂಸರ್‌ಸ್ಪೇಸ್.

ಮೊದಲು ಒಂದು ಮಾತು. ಗೆಸ್ಟ್ ಒಳಗಿನ ಪ್ರೋಗ್ರಾಮ್ ಸಿಸ್ಟಂ ಕಾಲ್ (ಕರ್ನಲ್‌ಗೆ ಕೆಲಸ ಕೇಳುವ ಕರೆ) ಮಾಡಿದರೆ ಅದು ಹೋಸ್ಟ್‌ಗೆ ಬರಲ್ಲ. ವಿಟಿ-ಎಕ್ಸ್ (ವಿಎಂ ಓಡಿಸಲು ಇಂಟೆಲ್ ಸಿಪಿಯುನಲ್ಲೇ ಇರುವ ನೆರವು) ಇರುವ ಸಿಪಿಯುನಲ್ಲಿ ಅದು ಗೆಸ್ಟ್ ಕರ್ನಲ್‌ನಲ್ಲೇ ಮುಗಿಯುತ್ತದೆ.

ನಾನು ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ಹಾಸನದ ರೂಮಿನಲ್ಲಿ ಕೂತು, ಕೆವಿಎಂ ಬಳಸುವ ಪುಟ್ಟ ಸಿ ಪ್ರೋಗ್ರಾಮ್ ಬರೆದೆ. ಗೆಸ್ಟ್ ಮಾಡುವ ಕೆಲಸ ಇಷ್ಟೇ: ಸೀರಿಯಲ್ ಪೋರ್ಟ್‌ಗೆ 'ಹಾಸನ' ಅಂತ ಒಂದೊಂದೇ ಬೈಟ್ ಕಳಿಸಿ ಹಾಲ್ಟ್ ಆಗುವುದು. ಯುಟಿಎಫ್-8ರಲ್ಲಿ ಹ, ದೀರ್ಘದ ಗುರುತು, ಸ, ನ ಒಂದೊಂದಕ್ಕೂ 3 ಬೈಟ್. ಒಟ್ಟು 12. ಪ್ರತಿ ಬೈಟ್‌ಗೂ ಒಂದು ಎಕ್ಸಿಟ್, ಹಾಲ್ಟ್ ಸೇರಿ 13. ಸ್ಟ್ರೇಸ್ (ಪ್ರೋಗ್ರಾಮ್ ಮಾಡುವ ಸಿಸ್ಟಂ ಕಾಲ್‌ಗಳನ್ನು ತೋರಿಸುವ ಸಾಧನ) ಹಾಕಿ ನೋಡಿದರೆ ರನ್ ಐಆಕ್ಟಲ್ (ಗೆಸ್ಟನ್ನು ಓಡಿಸು ಅಂತ ಕೆವಿಎಂಗೆ ಹೇಳುವ ಸಿಸ್ಟಂ ಕಾಲ್) ಸರಿಯಾಗಿ 13 ಸಲ ವಾಪಸ್ ಬಂದಿತ್ತು. ಆದರೆ ಪರ್ಫ್ (ಕರ್ನಲ್ ಒಳಗಿನ ಘಟನೆಗಳನ್ನು ಎಣಿಸುವ ಸಾಧನ) ತೋರಿಸಿದ ಎಕ್ಸಿಟ್‌ಗಳು ಅದಕ್ಕಿಂತ ಜಾಸ್ತಿ! ಇಡೀ ರಾತ್ರಿ ನನ್ನ ಕೋಡ್‌ನಲ್ಲೇ ತಪ್ಪು ಹುಡುಕಿದೆ.

ತಪ್ಪು ಕೋಡ್‌ನಲ್ಲಿ ಇರಲಿಲ್ಲ. ಎಕ್ಸಿಟ್ ಆದದ್ದೆಲ್ಲ ಯೂಸರ್‌ಸ್ಪೇಸ್‌ಗೆ ಬರಲ್ಲ, ಅಷ್ಟೇ. ಗೆಸ್ಟ್ ಒಂದು ಮೆಮೊರಿ ಪುಟವನ್ನು ಮೊದಲ ಸಲ ಮುಟ್ಟಿದಾಗ ಮ್ಯಾಪಿಂಗ್ (ಆ ಪುಟ ಹೋಸ್ಟ್ ಮೆಮೊರಿಯಲ್ಲಿ ಎಲ್ಲಿದೆ ಎಂಬ ನಮೂದು) ಇರಲ್ಲ, ಎಕ್ಸಿಟ್ ಆಗುತ್ತದೆ. ಕರ್ನಲ್ ಅದನ್ನು ತುಂಬಿ ಗೆಸ್ಟನ್ನು ಮತ್ತೆ ಓಡಿಸುತ್ತದೆ. ನಮ್ಮ ಪ್ರೋಗ್ರಾಮ್‌ಗೆ ಗೊತ್ತೇ ಆಗಲ್ಲ.

ಸಕಲೇಶಪುರದ ಕಡೆ ಕಾಫಿ ತೋಟ ನೋಡಿದ್ದೀರಲ್ವಾ? ಆಳುಗಳು ದಿನವಿಡೀ ತಮ್ಮ ಪಾಡಿಗೆ ಕೆಲಸ ಮಾಡುತ್ತಾರೆ. ಏನಾದರೂ ತೊಡಕಾದರೆ ರೈಟರ್ (ತೋಟದ ಮೇಲ್ವಿಚಾರಕ) ಹತ್ತಿರ ಹೋಗುತ್ತಾರೆ. ರೈಟರ್ ಕೈಲಿ ಆಗದಿದ್ದರೆ ಹಾಸನದಲ್ಲಿರುವ ಸಾಹುಕಾರ್ರನ್ನೇ ಕೇಳಬೇಕು. ರೈಟರ್ ಅಂದರೆ ಕರ್ನಲ್, ಸಾಹುಕಾರ್ರು ಅಂದರೆ ಕ್ಯೂಎಮು (ನನ್ನ ಪುಟ್ಟ ಪ್ರೋಗ್ರಾಮ್‌ನಂತೆ ಯೂಸರ್‌ಸ್ಪೇಸ್‌ನಲ್ಲಿ ಕೂತು ಕೆವಿಎಂ ಬಳಸುವ ಪ್ರೋಗ್ರಾಮ್). ಎರಡನೇ ಓಡಾಟವೇ ದುಬಾರಿ.

ಯಾಕೆ ದುಬಾರಿ? ಎಕ್ಸಿಟ್‌ನಲ್ಲಿ ಸಿಪಿಯು ಗೆಸ್ಟ್‌ನ ಸ್ಥಿತಿ ಉಳಿಸಿ ಹೋಸ್ಟ್‌ನದ್ದು ತುಂಬಬೇಕು. ಈ ಖರ್ಚು ಹೇಗೂ ಇದ್ದೇ ಇದೆ. ಯೂಸರ್‌ಸ್ಪೇಸ್‌ಗೆ ಹೋಗಬೇಕಾದರೆ ಇದರ ಮೇಲೆ ಫ್ಲೋಟಿಂಗ್ ಪಾಯಿಂಟ್ ರಿಜಿಸ್ಟರ್‌ಗಳನ್ನೂ ಬದಲಿಸಬೇಕು. 2018ರ ಮೆಲ್ಟ್‌ಡೌನ್ ದೋಷವಿರುವ ಸಿಪಿಯುಗಳಲ್ಲಿ ಪೇಜ್ ಟೇಬಲ್ (ಮೆಮೊರಿ ವಿಳಾಸಗಳ ಪಟ್ಟಿ) ಕೂಡ ಬದಲಾಗಬೇಕು. ವಾಪಸ್ ಬರುವಾಗ ಮತ್ತೆ ಅದೇ ಕಥೆ.

ಈ ಖರ್ಚು ತಪ್ಪಿಸಲು ನನಗೆ ತುಂಬಾ ಇಷ್ಟವಾದ ಉಪಾಯ ಕೆವಿಎಂನ ಐಓಈವೆಂಟ್‌ಎಫ್‌ಡಿ. ಇದು ಮಿಸ್ ಕಾಲ್ ಇದ್ದ ಹಾಗೆ. ಗೆಸ್ಟ್ ಪೋರ್ಟ್‌ಗೆ ಬರೆದ ಕೂಡಲೇ ಕರ್ನಲ್ ಒಂದು ಸೂಚನೆ ಕೊಟ್ಟು, ಉತ್ತರಕ್ಕೆ ಕಾಯದೆ ಗೆಸ್ಟ್‌ಗೆ ಮರಳುತ್ತದೆ. ಕ್ಯೂಎಮುವಿನ ಬೇರೆ ಥ್ರೆಡ್ ಅದನ್ನು ನೋಡಿ ಕೆಲಸ ಮುಗಿಸುತ್ತದೆ. ಉತ್ತರ ಬೇಕಾದ ಕಡೆ, ಅಂದರೆ ಪೋರ್ಟ್‌ನಿಂದ ಓದುವಾಗ, ಇದು ನಡೆಯಲ್ಲ.

ಎಕ್ಸಿಟ್ ಕಡಿಮೆ ಮಾಡಲು ವರ್ಟಿಯೋ (ವಿಎಂಗಳಿಗೆಂದೇ ಮಾಡಿದ ಸಾಧನಗಳ ಮಾದರಿ) ಹಲವು ಬಫರ್‌ಗಳನ್ನು ರಿಂಗ್‌ನಲ್ಲಿ ಜೋಡಿಸಿಟ್ಟು ಒಂದೇ ಸಲ ಕರೆಯುತ್ತದೆ. 2010ರ ಲಿನಕ್ಸ್ 2.6.34ರಲ್ಲಿ ಬಂದ ವಿಹೋಸ್ಟ್-ನೆಟ್ ಇನ್ನೂ ಒಂದು ಹೆಜ್ಜೆ ಮುಂದೆ: ಪ್ಯಾಕೆಟ್ ಸಾಗಿಸುವ ಕೆಲಸವನ್ನೇ ಕರ್ನಲ್‌ಗೆ ವಹಿಸಿತು.

ನೀವೂ ಮಾಡಿ ನೋಡಿ. ಒಂದು ಟರ್ಮಿನಲ್‌ನಲ್ಲಿ ಸ್ಟ್ರೇಸ್, ಇನ್ನೊಂದರಲ್ಲಿ ಪರ್ಫ್. ಎರಡರ ನಡುವಿನ ವ್ಯತ್ಯಾಸವೇ ರೈಟರ್ ಹತ್ತಿರ ಮುಗಿದ ಕೆಲಸ.