ಮನೆಯೊಡೆಯನ ಜಾಮೀನು, ಶಿಷ್ಯನ ಬಂಡವಾಳ: ಹೌಸಾ ಮತ್ತು ಇಗ್ಬೊ ವ್ಯಾಪಾರದ ಹಿನ್ನೆಲೆ

1960ರ ದಶಕದ ಆರಂಭದಲ್ಲಿ ಮಾನವಶಾಸ್ತ್ರಜ್ಞ ಅಬ್ನರ್ ಕೊಹೆನ್ ನೈಜೀರಿಯದ ಇಬಾದಾನ್ ನಗರದ ಸಾಬೊ ಬಡಾವಣೆಯಲ್ಲಿದ್ದುಕೊಂಡು ಅಲ್ಲಿನ ದನದ ವ್ಯಾಪಾರವನ್ನು ಗಮನಿಸಿದರು. ನೂರಾರು ಮೈಲಿ ದೂರದ ಉತ್ತರದಿಂದ ದನಗಳನ್ನು ತಂದ ಹೌಸಾ ವ್ಯಾಪಾರಿ ಅವುಗಳನ್ನು ಸ್ಥಳೀಯ ಯೊರುಬಾ ಜನಾಂಗದ ಕಟುಕರಿಗೆ ಉದ್ರಿಯಾಗಿ ಕೊಡುತ್ತಿದ್ದ. ಕಟುಕರು ಮಾಂಸ ಮಾರಿ ಹಣ ತೀರಿಸಲು ಕೆಲವು ವಾರ ಹಿಡಿಯುತ್ತಿತ್ತು. ತಂದವನಿಗೆ ಕೊಂಡವನ ಪರಿಚಯವಿಲ್ಲ, ಭಾಷೆಯೂ ಬೇರೆ, ಕರಾರುಪತ್ರವೂ ಇಲ್ಲ. ಇಷ್ಟಾದರೂ ವ್ಯವಹಾರ ಮುರಿದು ಬೀಳದೆ ಇದ್ದದ್ದು ಇಬ್ಬರ ನಡುವೆ ನಿಂತಿದ್ದ ‘ಮೈ ಗಿಡಾ’ನಿಂದ. ಈ ಹೌಸಾ ಮಾತಿಗೆ ಮನೆಯೊಡೆಯ ಎಂದರ್ಥ. ಬಂದ ವ್ಯಾಪಾರಿಗೆ ಊಟ ಹಾಕುವವನು, ಮಲಗಲು ಜಾಗ ಕೊಡುವವನು, ಗಿರಾಕಿ ಹುಡುಕುವವನು ಅವನೇ. ಕಟುಕ ಕೈಯೆತ್ತಿದರೆ ಆ ಬಾಕಿಯನ್ನು ಹೊರಬೇಕಾದವನೂ ಅವನೇ.

ಉತ್ತರದ ಹೌಸಾ ಮತ್ತು ಆಗ್ನೇಯದ ಇಗ್ಬೊ ಜನರ ಉದ್ಯಮಶೀಲತೆಯ ಮಾತು ಬಂದಾಗಲೆಲ್ಲ ನೈಜೀರಿಯದಲ್ಲಿ ಒಂದು ಸಿದ್ಧ ವಿವರಣೆ ಕೇಳಿಬರುತ್ತದೆ: ಇಗ್ಬೊಗಳು ಹುಟ್ಟಾ ಮಹತ್ವಾಕಾಂಕ್ಷಿಗಳು, ಹೌಸಾಗಳು ದೈವ ಕೊಟ್ಟಷ್ಟಕ್ಕೆ ತೃಪ್ತರು. 1966ರಲ್ಲಿ ರಾಬರ್ಟ್ ಲೆವೈನ್ ಪ್ರಕಟಿಸಿದ ಅಧ್ಯಯನ ಈ ನಂಬಿಕೆಗೆ ಬಲ ಕೊಟ್ಟಿತು. ಶಾಲಾ ಹುಡುಗರು ಹೇಳಿದ ಕನಸುಗಳನ್ನು ಹೋಲಿಸಿದ ಅವರಿಗೆ ಸಾಧನೆಯ ಹಂಬಲ ಇಗ್ಬೊ ಹುಡುಗರಲ್ಲಿ ಹೆಚ್ಚಾಗಿಯೂ ಹೌಸಾ ಹುಡುಗರಲ್ಲಿ ಕಡಿಮೆಯಾಗಿಯೂ ಕಂಡಿತ್ತು. ಇದಕ್ಕೆ ಕಾರಣವನ್ನು ಲೆವೈನ್ ರಕ್ತದಲ್ಲಿ ಹುಡುಕಲಿಲ್ಲ, ಆಯಾ ಸಮಾಜದಲ್ಲಿ ಮನುಷ್ಯ ಮೇಲೇರುವ ದಾರಿ ಯಾವುದಿತ್ತು ಎಂಬುದರಲ್ಲಿ ಹುಡುಕಿದರು. ಜನರ ಬಾಯಲ್ಲಿ ಉಳಿದದ್ದು ಮಾತ್ರ ಹುಟ್ಟುಗುಣದ ಮಾತು. ಅದನ್ನು ನಾನು ಒಪ್ಪುವುದಿಲ್ಲ. ಅಪರಿಚಿತನಿಗೆ ಸರಕು ಕೊಟ್ಟಾಗ ನಷ್ಟದ ಹೊಣೆ ಯಾರದು, ಬರಿಗೈಯ ಹುಡುಗನಿಗೆ ಮೊದಲ ಬಂಡವಾಳ ಎಲ್ಲಿಂದ ಬರಬೇಕು ಎಂಬ ಎರಡು ಪ್ರಶ್ನೆಗಳಿಗೆ ಎರಡು ಜನಾಂಗಗಳು ತಮ್ಮ ತಮ್ಮ ಚರಿತ್ರೆಯಿಂದ ಬೇರೆ ಬೇರೆ ಉತ್ತರಗಳನ್ನು ಕಂಡುಕೊಂಡವು, ಅಷ್ಟೆ.

ಹೌಸಾ ಉತ್ತರಕ್ಕೆ ಶತಮಾನಗಳ ವಯಸ್ಸಾಗಿದೆ. ಕಾನೊ ನಗರದ ಕುರ್ಮಿ ಮಾರುಕಟ್ಟೆಯನ್ನು 15ನೇ ಶತಮಾನದ ಉತ್ತರಾರ್ಧದಲ್ಲಿ ಆಳಿದ ಮುಹಮ್ಮದು ರುಂಫಾ ಸ್ಥಾಪಿಸಿದನೆಂದು ಅಲ್ಲಿನ ಇತಿಹಾಸ ಹೇಳುತ್ತದೆ. 1851ರಲ್ಲಿ ಅಲ್ಲಿಗೆ ಬಂದ ಜರ್ಮನ್ ಪ್ರವಾಸಿ ಹೈನ್ರಿಕ್ ಬಾರ್ತ್, ಕಾನೊದಲ್ಲಿ ನೇಯ್ದು ನೀಲಿಯಲ್ಲಿ ಅದ್ದಿದ ಬಟ್ಟೆ ಸಹಾರಾದ ಆಚೆಗೂ ಹೋಗುತ್ತಿದ್ದುದನ್ನು ಬೆರಗಿನಿಂದ ವರ್ಣಿಸಿದ್ದಾನೆ. 1804ರಲ್ಲಿ ಉಸ್ಮಾನ್ ದಾನ್ ಫೋದಿಯೊ ಆರಂಭಿಸಿದ ಧಾರ್ಮಿಕ ಯುದ್ಧದಿಂದ ಹುಟ್ಟಿದ ಸೊಕೊಟೊ ಖಲೀಫತ್ ಈ ಪ್ರದೇಶವನ್ನೆಲ್ಲ ಒಂದು ಆಳ್ವಿಕೆಯಡಿ ತಂದಿತು. ಮದ್ಯ ನಿಷಿದ್ಧವಾಗಿದ್ದ ಆ ಸಮಾಜದಲ್ಲಿ ಅಗಿದರೆ ಹುರುಪು ಕೊಡುವ ಕೋಲಾ ಕಾಯಿಗೆ ಬೇಡಿಕೆ ಹೆಚ್ಚಿತು. ಅದು ಬೆಳೆಯುತ್ತಿದ್ದದ್ದು ಇಂದಿನ ಘಾನಾದಲ್ಲಿರುವ ಅಸಾಂಟೆ ಕಾಡುಗಳಲ್ಲಿ. ‘ಮದುಗು’ ಎಂಬ ಮುಖಂಡನ ಹಿಂದೆ ಕತ್ತೆಗಳೊಂದಿಗೆ ಹೊರಟ ತಂಡಗಳಲ್ಲಿ ಕೆಲವೊಮ್ಮೆ ಸಾವಿರಕ್ಕೂ ಹೆಚ್ಚು ಜನರಿರುತ್ತಿದ್ದರು. ಕೋಲಾ ಬೇಗ ಒಣಗುವ, ಬೇಗ ಕೊಳೆಯುವ ಸರಕಾದ್ದರಿಂದ ತಿಂಗಳುಗಟ್ಟಲೆ ದಾರಿಯಲ್ಲಿ ಮತ್ತೆ ಮತ್ತೆ ಹೊರೆ ಬಿಚ್ಚಿ, ಕೆಟ್ಟ ಕಾಯಿಗಳನ್ನು ಆರಿಸಿ ಎಸೆದು, ಉಳಿದವನ್ನು ಹಸಿ ಎಲೆಗಳಲ್ಲಿ ಹೊಸದಾಗಿ ಸುತ್ತಿ ಕಟ್ಟಬೇಕಿತ್ತು. ಇಂಥ ಸರಕು ಹೊತ್ತವನಿಗೆ ಪರವೂರಿನಲ್ಲಿ ಗಿರಾಕಿಗಾಗಿ ಅಲೆಯಲು ಪುರಸೊತ್ತಿಲ್ಲ. ನಂಬಿಗಸ್ತನ ಮನೆಯೊಂದು ಅವನಿಗಾಗಿ ಕಾದಿರಬೇಕಿತ್ತು. ಮೈ ಗಿಡಾ ಪದ್ಧತಿ ಬೆಳೆದದ್ದು ಈ ಅಗತ್ಯದಿಂದ.

ಈ ಲೋಕದ ಎರಡು ಮಾತುಗಳು ಕನ್ನಡದ ಕಿವಿಗೆ ಹೊಸವಲ್ಲ. ಕೊಳ್ಳುವವನನ್ನೂ ಮಾರುವವನನ್ನೂ ಕೂಡಿಸುವವನಿಗೆ ಹೌಸಾದಲ್ಲಿ ‘ದಿಲ್ಲಾಲಿ’ ಎನ್ನುತ್ತಾರೆ. ಅದೂ ನಮ್ಮ ದಲ್ಲಾಳಿಯೂ ಒಂದೇ ಅರಬ್ಬಿ ಮೂಲದವು. ನಂಬಿ ಒಪ್ಪಿಸುವುದಕ್ಕೆ ಅವರು ‘ಅಮಾನಾ’ ಎನ್ನುತ್ತಾರೆ, ನಮ್ಮಲ್ಲಿ ಅದು ಅಮಾನತ್ತು ಆಗಿದೆ. ಹೌಸಾ ವ್ಯಾಪಾರದ ಜೀವಾಳವೇ ಅಮಾನಾ. ದೊಡ್ಡ ವ್ಯಾಪಾರಿ ತನ್ನ ಆಶ್ರಯದಲ್ಲಿರುವ ಹುಡುಗನಿಗೆ ಸರಕು ಒಪ್ಪಿಸುತ್ತಾನೆ, ಹುಡುಗ ಮಾರಿ ಲೆಕ್ಕ ಒಪ್ಪಿಸುತ್ತಾನೆ, ನಂಬಿಕೆ ಬೆಳೆದಂತೆ ಒಪ್ಪಿಸುವ ಸರಕೂ ಬೆಳೆಯುತ್ತದೆ. ಆ ಹುಡುಗ ಮುಂದೆ ಸ್ವತಃ ಶ್ರೀಮಂತನಾದರೂ ಧಣಿಯ ಮನೆಯ ನಂಟನ್ನು ಸಾಮಾನ್ಯವಾಗಿ ಕಡಿದುಕೊಳ್ಳುವುದಿಲ್ಲ. ಸಂಪತ್ತಿಗೆ ಅವರು ಹೇಳುವ ‘ಅರ್ಜಿಕಿ’ ಎಂಬ ಮಾತು ಹಣವನ್ನಷ್ಟೇ ಅಲ್ಲ, ಸುತ್ತಲಿನ ಜನಬಲವನ್ನೂ ದೇವರ ಕೃಪೆಯನ್ನೂ ಒಟ್ಟಿಗೆ ಸೂಚಿಸುತ್ತದೆ.

ದೈವಕ್ಕೆ ಬಿಟ್ಟು ಕೂರುವವರು ಎಂಬ ಆರೋಪಕ್ಕೆ ಕಡಲೆಕಾಯಿಯ ಕಥೆಯೇ ಉತ್ತರ. ರೈಲು ಕಾನೊ ತಲುಪಿದ್ದು 1911ರಲ್ಲಿ. ಬ್ರಿಟಿಷರ ಲೆಕ್ಕಾಚಾರವೆಲ್ಲ ಲ್ಯಾಂಕಾಶೈರ್ ಗಿರಣಿಗಳಿಗೆ ಹತ್ತಿ ಸಾಗಿಸುವುದರ ಮೇಲಿತ್ತು. ಹೌಸಾ ವ್ಯಾಪಾರಿಗಳು ಎರಡೂ ಬೆಳೆಗಳ ಬೆಲೆಯನ್ನು ತೂಗಿ ನೋಡಿ ಹಳ್ಳಿಹಳ್ಳಿಗೆ ತಮ್ಮ ಜನರನ್ನು ಕಳಿಸಿದರು, ರೈತರಿಗೆ ಮುಂಗಡ ಕೊಟ್ಟರು. ರೈಲು ನಿಲ್ದಾಣಕ್ಕೆ ಹತ್ತಿಯ ಬದಲು ಕಡಲೆಕಾಯಿ ರಾಶಿರಾಶಿಯಾಗಿ ಬಂದು ಬಿದ್ದಿತು. ಸರ್ಕಾರದ ಯೋಜನೆಯನ್ನು ಸ್ಥಳೀಯ ವ್ಯಾಪಾರ ಬುದ್ಧಿ ಹೀಗೆ ತಲೆಕೆಳಗು ಮಾಡಿದ ಉದಾಹರಣೆಗಳು ವಸಾಹತು ಚರಿತ್ರೆಯಲ್ಲಿ ಹೆಚ್ಚಿಲ್ಲ. ಕೋಲಾ ವ್ಯಾಪಾರದಿಂದ ಬಂದ ಅಲ್ಹಸ್ಸನ್ ದಂತಾತಾ ಇದೇ ಕಡಲೆಕಾಯಿಯಿಂದ ಆ ಕಾಲದ ಪಶ್ಚಿಮ ಆಫ್ರಿಕಾದ ಅತಿ ಶ್ರೀಮಂತರಲ್ಲಿ ಒಬ್ಬರಾದರು. 1929ರಲ್ಲಿ ಕಾನೊದಲ್ಲಿ ಬ್ಯಾಂಕ್ ಶಾಖೆ ತೆರೆದಾಗ ಅವರು ಇಪ್ಪತ್ತು ಒಂಟೆಗಳ ಮೇಲೆ ಬೆಳ್ಳಿ ನಾಣ್ಯ ಹೇರಿಸಿಕೊಂಡು ಹೋಗಿ ಠೇವಣಿ ಇಟ್ಟರೆಂಬ ಮಾತು ಪ್ರಸಿದ್ಧವಾಗಿದೆ. ಅವರ ಮರಿಮೊಮ್ಮಗ ಅಲಿಕೊ ಡಾಂಗೋಟೆ 1970ರ ದಶಕದ ಕೊನೆಯಲ್ಲಿ ತಾಯಿಯ ಕಡೆಯ ಹಿರಿಯರಿಂದ ಸಾಲ ಪಡೆದು ವ್ಯಾಪಾರಕ್ಕಿಳಿದರು. ಲಾಗೋಸ್ ಬಳಿ ದಿನಕ್ಕೆ 6,50,000 ಬ್ಯಾರೆಲ್ ಸಾಮರ್ಥ್ಯದ ತೈಲ ಸಂಸ್ಕರಣಾಗಾರವನ್ನು ಕಟ್ಟಿದವರು ಇವರೇ.

ಹೆಂಗಸರ ಪಾಲನ್ನು ಹೇಳದೆ ಹೌಸಾ ಕಥೆ ಪೂರ್ಣವಾಗುವುದಿಲ್ಲ. 1960ರ ದಶಕದಲ್ಲಿ ಪಾಲಿ ಹಿಲ್ ಎಂಬ ಸಂಶೋಧಕಿ ಹಳ್ಳಿಯೊಂದರಲ್ಲಿ ಕಂಡಂತೆ, ಪರದೆಯೊಳಗಿದ್ದ ಹೆಂಗಸರು ಅಡುಗೆ ಪದಾರ್ಥಗಳನ್ನೂ ಧಾನ್ಯವನ್ನೂ ಮನೆಯೊಳಗಿಂದಲೇ ಮಕ್ಕಳ ಕೈಯಲ್ಲಿ ಕೊಟ್ಟು ಮಾರಿಸುತ್ತಿದ್ದರು. ಸಂತೆಯೇ ಇಲ್ಲದೆ, ಗೋಡೆಯ ಮರೆಯಲ್ಲಿ, ಮನೆಯಿಂದ ಮನೆಗೆ ಮಾರುಕಟ್ಟೆ ನಡೆದಿತ್ತು.

ಇಗ್ಬೊ ನಾಡಿನ ಸ್ಥಿತಿ ಬೇರೆ. ಅಲ್ಲಿ ಬಹುಪಾಲು ಊರುಗಳಲ್ಲಿ ರಾಜನಿರಲಿಲ್ಲ; ಕೃಷಿಭೂಮಿ ಕಡಿಮೆ, ಜನ ಹೆಚ್ಚು. ಎಕೆ, ಓರಿಯೆ, ಅಫೊ, ಎನ್‌ಕ್ವೊ ಎಂಬ ನಾಲ್ಕು ದಿನಗಳ ವಾರವೇ ಸಂತೆಗಳ ಸರದಿಯಾಗಿತ್ತು. ಆವ್ಕಾದ ಕಮ್ಮಾರರು ಊರೂರು ಸುತ್ತಿ ದುಡಿದರು. ಇಗ್ಬೊಗಳಲ್ಲೇ ಒಂದು ಪಂಗಡವಾದ ಆರೊ ವ್ಯಾಪಾರಿಗಳ ಜಾಲ ಬಹುದೂರ ಹಬ್ಬಿತ್ತು, ಗುಲಾಮರ ಮಾರಾಟವೂ ಅದರ ಭಾಗವಾಗಿತ್ತು ಎಂಬುದನ್ನು ಮುಚ್ಚಿಡಬಾರದು. ಬ್ರಿಟಿಷರ ಕಾಲದಲ್ಲಿ ಮಿಷನ್ ಶಾಲೆಗಳಲ್ಲಿ ಕಲಿತ ಇಗ್ಬೊಗಳು ರೈಲ್ವೆ, ಅಂಚೆ, ಅಂಗಡಿ ಎಂದು ಉತ್ತರದ ನಗರಗಳಿಗೂ ಹರಡಿದರು. ಎಮಿರರೆಂಬ ಮುಸ್ಲಿಂ ಅರಸರ ನಾಡಿನಲ್ಲಿ ಅದೇ ಮಿಷನ್‌ಗಳಿಗೆ ಸರ್ಕಾರವೇ ತಡೆಯೊಡ್ಡಿದ್ದರಿಂದ ಇಂಗ್ಲಿಷ್ ಶಿಕ್ಷಣದಲ್ಲಿ ಉತ್ತರ ಹಿಂದುಳಿಯಿತು. ಮುಂದೆ ಹುಟ್ಟಿದ ಅಸೂಯೆ ಮತ್ತು ಭಯಗಳಿಗೆ ಬೇರು ಇಲ್ಲಿಯೂ ಇದೆ. ನ್ನೇವಿ ಊರಿನ ಲೂಯಿ ಒಡುಮೆಗ್ವು ಒಜುಕ್ವು ಲಾಗೋಸ್‌ನಲ್ಲಿ ಟೈರ್ ಮಾರಾಟದ ಗುಮಾಸ್ತರಾಗಿದ್ದಾಗ, ಒನಿಚಾದಿಂದ ಬರುವ ಬಟ್ಟೆ ವ್ಯಾಪಾರಿಗಳು ಸರಕು ಸಾಗಿಸಲು ಪಡುತ್ತಿದ್ದ ಪಾಡನ್ನು ಕಂಡು ಲಾರಿ ವ್ಯವಹಾರ ಆರಂಭಿಸಿದರು ಮತ್ತು ದೇಶದ ದೊಡ್ಡ ಧನಿಕರಾದರು.

ಅವರ ಮಗನೇ ಇಗ್ಬೊಗಳು ಹೆಚ್ಚಾಗಿದ್ದ ಪೂರ್ವ ಪ್ರಾಂತ್ಯವನ್ನು ಬಿಯಾಫ್ರಾ ಎಂಬ ಸ್ವತಂತ್ರ ರಾಷ್ಟ್ರವೆಂದು ಸಾರಿದ ಸೇನಾಧಿಕಾರಿ. 1966ರಲ್ಲಿ ಉತ್ತರದಲ್ಲಿ ಇಗ್ಬೊಗಳ ಸಾಮೂಹಿಕ ಹತ್ಯೆ ನಡೆಯಿತು, ಬದುಕುಳಿದವರು ಮನೆ, ಅಂಗಡಿ ಬಿಟ್ಟು ಪೂರ್ವಕ್ಕೆ ಓಡಿದರು. 1967ರ ಮೇ 30ರಂದು ಹುಟ್ಟಿದ ಬಿಯಾಫ್ರಾ ಅಂತರ್ಯುದ್ಧದಲ್ಲಿ ಸೋತು 1970ರ ಜನವರಿ 15ರಂದು ಶರಣಾಯಿತು. ಅನಂತರ ಬಂದ ಸರ್ಕಾರಿ ಆದೇಶ ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ಅತಿ ಕ್ರೂರ ವ್ಯವಹಾರ: ಬಿಯಾಫ್ರಾ ಕಾಲದಲ್ಲಿ ವಹಿವಾಟು ನಡೆಸಿದ ಬ್ಯಾಂಕ್ ಖಾತೆಯಲ್ಲಿ ಎಷ್ಟೇ ಹಣವಿರಲಿ, ಖಾತೆದಾರನಿಗೆ ಸಿಕ್ಕಿದ್ದು 20 ಪೌಂಡ್ ಮಾತ್ರ. ಎರಡೇ ವರ್ಷದಲ್ಲಿ, 1972ರಲ್ಲಿ, ವಿದೇಶಿ ಕಂಪನಿಗಳ ಪಾಲನ್ನು ನೈಜೀರಿಯನ್ನರಿಗೆ ವರ್ಗಾಯಿಸುವ ಕಾನೂನು ಬಂದಾಗ ಷೇರು ಕೊಳ್ಳಲು ಇಗ್ಬೊಗಳ ಕೈಯಲ್ಲಿ ಹಣವೇ ಇರಲಿಲ್ಲ.

ಯುದ್ಧಕ್ಕೂ ಮೊದಲೇ ಇದ್ದ ‘ಇಗ್ಬಾ ಬೋಯಿ’ ಎಂಬ ಶಿಷ್ಯವೃತ್ತಿ ಆಗ ಇಡೀ ಜನಾಂಗದ ಊರುಗೋಲಾಯಿತು. ಹಳ್ಳಿಯ ಹುಡುಗನೊಬ್ಬನನ್ನು ಎರಡೂ ಕುಟುಂಬಗಳ ಹಿರಿಯರ ಎದುರು ಮಾತಾಡಿ ‘ಒಗಾ’ ಎಂದು ಕರೆಯುವ ಸಾಹುಕಾರನಿಗೆ ಒಪ್ಪಿಸುತ್ತಾರೆ. ಸುಮಾರು ಐದರಿಂದ ಎಂಟು ವರ್ಷ ಅವನು ಸಂಬಳವಿಲ್ಲದೆ ಒಗಾನ ಮನೆಯಲ್ಲೇ ಉಂಡು, ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಕಸ ಗುಡಿಸಿ, ಸರಕು ಹೊತ್ತು, ಯಾವ ಗಿರಾಕಿಗೆ ಯಾವ ಬೆಲೆ ಹೇಳಬೇಕು, ಯಾರಿಗೆ ಉದ್ರಿ ಕೊಡಬಾರದು ಎಂಬುದನ್ನು ಕಲಿಯುತ್ತಾನೆ. ಅವಧಿ ಮುಗಿದ ದಿನ ಒಗಾ ಅವನಿಗೆ ಬಂಡವಾಳವನ್ನೋ ಸರಕನ್ನೋ ಅಂಗಡಿಯ ಬಾಡಿಗೆಯನ್ನೋ ಕೊಟ್ಟು ಹರಸಿ ಕಳಿಸಬೇಕು. ಹಾಗೆ ಹೊರಟವನು ಅದೇ ಬೀದಿಯಲ್ಲಿ ಅದೇ ಸರಕಿನ ಅಂಗಡಿ ತೆರೆದು ಗುರುವಿಗೇ ಪೈಪೋಟಿ ಕೊಡಬಹುದು. ‘ಒನ್ಯೆ ಅಘಲಾ ನ್ವಾನ್ನೆ ಯಾ’, ಒಡಹುಟ್ಟಿದವನನ್ನು ಹಿಂದೆ ಬಿಟ್ಟು ಹೋಗಬೇಡ ಎಂಬ ಇಗ್ಬೊ ಮಾತು ಆಗ ಕೈಯಲ್ಲಿ ಎಣಿಸುವ ಹಣವಾಗುತ್ತದೆ. ಹೌಸಾ ಧಣಿಯ ದೊಡ್ಡಸ್ತಿಕೆ ಅವನ ಮನೆಗೆ ಸೇರಿಕೊಂಡವರಲ್ಲಿದ್ದರೆ ಇಗ್ಬೊ ಒಗಾನ ದೊಡ್ಡಸ್ತಿಕೆ ಅವನ ಅಂಗಡಿಯಿಂದ ಹೊರಬಿದ್ದು ನಿಂತವರಲ್ಲಿದೆ.

ಹೀಗೆ ಒಬ್ಬರಿಂದ ಇಬ್ಬರು, ಇಬ್ಬರಿಂದ ನಾಲ್ವರಾಗಿ ಒನಿಚಾ, ಅಬಾ, ಲಾಗೋಸ್‌ನ ಅಲಾಬಾ ಮಾರುಕಟ್ಟೆಗಳು ತುಂಬಿದವು. ನ್ನೇವಿಯವರು ವಾಹನಗಳ ಬಿಡಿಭಾಗಗಳನ್ನು ಹಿಡಿದು ತೈವಾನ್‌ವರೆಗೂ ಹೋದರು; 1980ರ ದಶಕದಲ್ಲಿ ನಾಣ್ಯದ ಬೆಲೆ ಕುಸಿದು ಆಮದು ದುಬಾರಿಯಾದಾಗ ಕೆಲವರು ತಾವೇ ತಯಾರಿಸಲು ಮುಂದಾದರು. ಸರ್ಕಾರದ ವಿದ್ಯುತ್ತು, ನೀರನ್ನು ನೆಚ್ಚುವಂತಿರಲಿಲ್ಲವಾದ್ದರಿಂದ ಜನರೇಟರು, ಕೊಳವೆಬಾವಿಗಳನ್ನೂ ಅವರೇ ಹಾಕಿಕೊಳ್ಳಬೇಕಾಯಿತು. ಇನ್ನೊಸೆಂಟ್ ಚುಕ್ವುಮಾ ಅವರ ಇನ್ನೊಸನ್ ವಾಹನ ಕಾರ್ಖಾನೆ ಇದೇ ಊರಿನಲ್ಲಿದೆ.

ಈ ಪದ್ಧತಿಯನ್ನು ಹೊಗಳುವವರು ಅದರ ನೋವನ್ನು ಮರೆಯುತ್ತಾರೆ. ಕೊನೆಯ ವರ್ಷದಲ್ಲಿ ಕಳ್ಳತನದ ಆರೋಪ ಹೊರಿಸಿ ಹುಡುಗನನ್ನು ಬರಿಗೈಯಲ್ಲಿ ಅಟ್ಟುವ ಒಗಾಗಳಿದ್ದಾರೆ, ಬರಹದ ಕರಾರಿಲ್ಲದ ಹುಡುಗನಿಗೆ ಆಗ ಹಿರಿಯರ ಪಂಚಾಯಿತಿಯೊಂದೇ ಗತಿ. ಹೆಣ್ಣುಮಕ್ಕಳಿಗೆ ಈ ಬಾಗಿಲು ಇಂದಿಗೂ ಬಹುಮಟ್ಟಿಗೆ ಮುಚ್ಚಿದೆ.

ಯುದ್ಧದ ನಂತರ ದಕ್ಷಿಣದ ಬಂದರು ನಗರ ಪೋರ್ಟ್ ಹಾರ್ಕೋರ್ಟ್‌ನಲ್ಲಿ ಇಗ್ಬೊಗಳ ಆಸ್ತಿಗಳನ್ನು ‘ವಾರಸುದಾರರು ಬಿಟ್ಟುಹೋದ ಸ್ವತ್ತು’ ಎಂದು ಕರೆದು ಇತರರಿಗೆ ಹಂಚಲಾಯಿತು. ಹತ್ಯೆ ನಡೆದಿದ್ದ ಉತ್ತರದಲ್ಲಿ ಮಾತ್ರ ಬಹುಪಾಲು ಮನೆ, ಅಂಗಡಿಗಳು ಹಳೆಯ ಮಾಲೀಕರ ಕೈಗೆ ಮರಳಿದವು. ಇಗ್ಬೊಗಳು ಕಾನೊದ ಸಾಬೊನ್ ಗರಿ ಬಡಾವಣೆಗೆ ಹಿಂತಿರುಗಿ, ಊರಿನಿಂದ ಹುಡುಗರನ್ನು ಕರೆಸಿಕೊಂಡು, ಮತ್ತೆ ಅಂಗಡಿ ತೆರೆದರು.