ಪ್ರಜ್ಞೆಗೆ ಸಾಕ್ಷಿ ಹೇಳುವವರು ಯಾರು?

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ತಲೆಗೆ ಪೆಟ್ಟು ಬಿದ್ದವರನ್ನು ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ) ಆಸ್ಪತ್ರೆಗೆ ತಂದಾಗ, ಅವರಿಗೆ ಎಷ್ಟರ ಮಟ್ಟಿಗೆ ಪ್ರಜ್ಞೆಯಿದೆ ಎಂಬುದನ್ನು ವೈದ್ಯರು ಒಂದು ಅಂಕಿಯಲ್ಲಿ ಬರೆದುಕೊಳ್ಳುತ್ತಾರೆ. ಗ್ಲಾಸ್ಗೋ ಕೋಮಾ ಸ್ಕೇಲ್ ಎಂಬ ಈ ಅಳತೆಯನ್ನು 1974ರಲ್ಲಿ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ ರೂಪಿಸಿದರು. ಕಣ್ಣು ತೆರೆಯುವುದಕ್ಕೆ ಹೆಚ್ಚೆಂದರೆ 4, ಮಾತಿಗೆ 5, ಕೈಕಾಲುಗಳ ಚಲನೆಗೆ 6. ಒಟ್ಟು 15 ಬಂದರೆ ಪೂರ್ಣ ಎಚ್ಚರ, 3 ಬಂದರೆ ಯಾವ ಪ್ರತಿಕ್ರಿಯೆಯೂ ಇಲ್ಲ. ಪ್ರಪಂಚದ ಎಲ್ಲೆಡೆ ತುರ್ತು ಚಿಕಿತ್ಸೆಯ ಭಾಷೆಯೇ ಆಗಿಹೋಗಿರುವ ಈ ಅಳತೆ ನೋಡುವುದು ರೋಗಿ ಹೊರಗೆ ತೋರಿಸುವ ಪ್ರತಿಕ್ರಿಯೆಯನ್ನು ಮಾತ್ರ. ಒಳಗೆ ಅನುಭವವಿದೆಯೇ ಎಂಬುದನ್ನು ಆ ಪ್ರತಿಕ್ರಿಯೆಯಿಂದ ಊಹಿಸಬೇಕಾಗುತ್ತದೆ.

ಅದೇ ಊಹೆ ಈಗ ಧಾರವಾಡದಲ್ಲಿ ಇನ್ನೊಂದು ರೂಪದಲ್ಲಿ, ಯಂತ್ರಕ್ಕೂ ಪ್ರಜ್ಞೆ ಇರಬಹುದೇ ಎಂಬ ಪ್ರಶ್ನೆಯಾಗಿ, ಚರ್ಚೆಗೆ ಬಂದಿದೆ. 2015ರಲ್ಲಿ ಐಐಐಟಿ, 2016ರಲ್ಲಿ ಐಐಟಿ ಇಲ್ಲಿ ಆರಂಭವಾದ ಮೇಲೆ ಕೃತಕ ಬುದ್ಧಿಮತ್ತೆಯ ಪಾಠ ಊರಿನೊಳಕ್ಕೇ ಬಂದಿತು. ಹತ್ತೊಂಬತ್ತನೆಯ ಶತಮಾನದ ಮಾನಸಿಕ ಆಸ್ಪತ್ರೆಯಿಂದ ಬೆಳೆದ ಡಿಮ್ಹಾನ್ಸ್ ಮತ್ತು ಕರ್ನಾಟಕ ವಿಶ್ವವಿದ್ಯಾಲಯ ಮೊದಲಿನಿಂದಲೂ ಇದ್ದವು. ಮನೋವೈದ್ಯರು, ಭೌತಶಾಸ್ತ್ರಜ್ಞರು ಮತ್ತು ಎಂಜಿನಿಯರುಗಳು ಒಂದೇ ಊರಿನಲ್ಲಿದ್ದು ಪ್ರಜ್ಞೆಯ ಕುರಿತು ಮಾತನಾಡುವಾಗ ಒಬ್ಬರ ಮಾತು ಇನ್ನೊಬ್ಬರಿಗೆ ತಾಗದೆ ಹೋಗಲು ಕಾರಣವೊಂದಿದೆ. ಈ ಪ್ರಶ್ನೆಯ ಇತಿಹಾಸವು ಸಿದ್ಧಾಂತಗಳ ಇತಿಹಾಸವಾಗಿರುವುದಕ್ಕಿಂತ ಹೆಚ್ಚಾಗಿ ಸಾಕ್ಷ್ಯದ ಇತಿಹಾಸ: ಯಾರ ಹೇಳಿಕೆಯನ್ನು ನಂಬಬೇಕು, ಯಾವಾಗ ನಂಬಬಾರದು ಎಂಬುದು ಪ್ರತಿ ಕಾಲದಲ್ಲೂ ಬದಲಾಗಿದೆ.

1641ರಲ್ಲಿ ಫ್ರೆಂಚ್ ತತ್ತ್ವಜ್ಞ ಡೆಕಾರ್ಟ್, ಎಲ್ಲವನ್ನೂ ಸಂದೇಹಿಸಿದರೂ ಸಂದೇಹಿಸುತ್ತಿರುವ ತಾನು ಇರುವುದನ್ನು ಸಂದೇಹಿಸಲಾಗದು ಎಂದು ವಾದಿಸಿದಾಗ, ಸ್ವಂತ ಸಾಕ್ಷ್ಯವೇ ಎಲ್ಲಕ್ಕಿಂತ ಮೇಲಾಯಿತು. ಅವನು ಹೇಳುವಂಥ ದೇಹವಿಲ್ಲದ ಮನಸ್ಸು ದೇಹವನ್ನು ಅಲ್ಲಾಡಿಸುವುದು ಹೇಗೆ ಎಂದು 1643ರಲ್ಲಿ ಬೊಹೀಮಿಯಾದ ರಾಜಕುಮಾರಿ ಎಲಿಸಬೆತ್ ಪತ್ರ ಬರೆದು ಕೇಳಿದಳು. ಅವನಿಂದ ಸಮರ್ಪಕ ಉತ್ತರ ಬರಲಿಲ್ಲ. 1850ರ ಹೊತ್ತಿಗೆ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಸಂಕೇತವು ಸೆಕೆಂಡಿಗೆ ಸುಮಾರು 27 ಮೀಟರ್ ವೇಗದಲ್ಲಿ ಸಾಗುವುದನ್ನು ಅಳೆದು, ನರವ್ಯೂಹದ ಕೆಲಸಕ್ಕೆ ಕಾಲ ಹಿಡಿಯುತ್ತದೆ ಎಂದು ತೋರಿಸಿದ. 1879ರಲ್ಲಿ ಲೈಪ್ಜಿಗ್‌ನಲ್ಲಿ ಪ್ರಯೋಗಾಲಯ ತೆರೆದ ಮನೋವಿಜ್ಞಾನಿ ವುಂಟ್, ತರಬೇತಾದ ವ್ಯಕ್ತಿಗಳು ತಮ್ಮ ಅನುಭವವನ್ನು ತಾವೇ ವರದಿ ಮಾಡುವ ಪದ್ಧತಿಯನ್ನು ನಂಬಿದ್ದ. ಒಬ್ಬರ ವರದಿ ಇನ್ನೊಬ್ಬರ ವರದಿಗೆ ತಾಳೆಯಾಗದ ಕಾರಣ ಆ ಪದ್ಧತಿಗೆ ಪೆಟ್ಟು ಬಿತ್ತು. 1913ರಲ್ಲಿ ಜಾನ್ ವಾಟ್ಸನ್ ಅದನ್ನು ಪೂರ್ತಿ ಕೈಬಿಡಬೇಕೆಂದು ಕರೆ ಕೊಟ್ಟ ಮೇಲೆ ಸುಮಾರು ಅರ್ಧ ಶತಮಾನ ಪ್ರಜ್ಞೆಯ ಹೆಸರೆತ್ತುವುದೇ ಪ್ರಯೋಗಶೀಲ ಮನೋವಿಜ್ಞಾನದಲ್ಲಿ ಮರ್ಯಾದೆಗೆ ಕಡಿಮೆ ಎನಿಸಿತ್ತು.

ಮನೋವಿಜ್ಞಾನ ಹೊರಗೆ ಹಾಕಿದ್ದನ್ನು ಭೌತಶಾಸ್ತ್ರ ಒಳಗೆ ಕರೆದುಕೊಂಡಿತು. ಕ್ವಾಂಟಂ ಮಾಪನದಲ್ಲಿ ಅನೇಕ ಸಾಧ್ಯತೆಗಳು ಒಂದು ಫಲಿತಾಂಶವಾಗುವುದು ಎಲ್ಲಿ ಎಂಬ ಪ್ರಶ್ನೆಯನ್ನು ಗಣಿತಜ್ಞ ಫಾನ್ ನಾಯ್ಮನ್ 1932ರಲ್ಲಿ ಗಣಿತದ ರೂಪದಲ್ಲಿ ಇಟ್ಟ. 1961ರಲ್ಲಿ ಭೌತಶಾಸ್ತ್ರಜ್ಞ ಯೂಜೀನ್ ವಿಗ್ನರ್, ಪ್ರಯೋಗಾಲಯದೊಳಗೆ ತನ್ನ ಗೆಳೆಯನೊಬ್ಬ ಮಾಪನ ನಡೆಸುತ್ತಿದ್ದು ತಾನು ಹೊರಗಿದ್ದರೆ ಏನಾಗುತ್ತದೆ ಎಂದು ಕೇಳಿ, ಗೆಳೆಯನ ಪ್ರಜ್ಞೆಯೇ ಫಲಿತಾಂಶವನ್ನು ಖಚಿತಗೊಳಿಸುತ್ತದೆ ಎಂಬ ತೀರ್ಮಾನಕ್ಕೆ ಬಂದ. ಆದರೆ ಒಂದು ವ್ಯವಸ್ಥೆ ಸುತ್ತಲ ಪರಿಸರದೊಡನೆ ತಳುಕು ಹಾಕಿಕೊಂಡೊಡನೆ ಅದರ ಕ್ವಾಂಟಂ ಲಕ್ಷಣಗಳು ಕಾಣದಾಗುತ್ತವೆ ಎಂದು ಡೀಟರ್ ಟ್ಸೇ 1970ರಲ್ಲಿ ವಿವರಿಸಿದ ಬಳಿಕ ವಿಗ್ನರ್ ತನ್ನ ನಿಲುವಿನಿಂದ ಹಿಂದೆ ಸರಿದ. ಮುಂದೆ ರೋಜರ್ ಪೆನ್‌ರೋಸ್ ಮತ್ತು ಅರಿವಳಿಕೆ ತಜ್ಞ ಸ್ಟುವರ್ಟ್ ಹ್ಯಾಮರಾಫ್, ನರಕೋಶದೊಳಗಿನ ಮೈಕ್ರೊಟ್ಯೂಬ್ಯುಲ್ ಎಂಬ ಸೂಕ್ಷ್ಮ ನಳಿಕೆಗಳಲ್ಲಿ ಕ್ವಾಂಟಂ ಕ್ರಿಯೆ ನಡೆಯುತ್ತದೆ ಎಂದರು. ಬೆಚ್ಚಗೆ, ಒದ್ದೆಯಾಗಿರುವ ಮಿದುಳಿನಲ್ಲಿ ಅಂಥ ಸ್ಥಿತಿ ಸೆಕೆಂಡಿನ ಲಕ್ಷಕೋಟಿಯ ಒಂದು ಭಾಗದಷ್ಟೂ ಬಾಳದು ಎಂದು 2000ದಲ್ಲಿ ಮ್ಯಾಕ್ಸ್ ಟೆಗ್ಮಾರ್ಕ್ ಲೆಕ್ಕ ಹಾಕಿದ. ಆ ವಾದವಿವಾದ ಇನ್ನೂ ಪೂರ್ತಿ ಮುಗಿದಿಲ್ಲ. ಆದರೂ, ಮನಸ್ಸು ನೋಡಿದರೆ ಮಾತ್ರ ಜಗತ್ತು ಇರುತ್ತದೆ ಎಂದು ಆಧುನಿಕ ವಿಜ್ಞಾನ ಒಪ್ಪಿದೆ ಎನ್ನುವ ನಮ್ಮ ಕಡೆಯ ಉಪನ್ಯಾಸಕಾರರು ವಿಗ್ನರನೇ ಬಿಟ್ಟುಹೋದ ಮನೆಯಲ್ಲಿ ಬಾಡಿಗೆಗೆ ಇದ್ದಾರೆ ಎನ್ನದೆ ವಿಧಿಯಿಲ್ಲ.

ನಿಜವಾದ ತಿರುವು ಬಂದದ್ದು ಆಸ್ಪತ್ರೆಗಳಿಂದ. 1974ರಲ್ಲಿ ಲಾರೆನ್ಸ್ ವೈಸ್‌ಕ್ರಾಂಟ್ಸ್ ಮತ್ತು ಸಂಗಡಿಗರು ವರದಿ ಮಾಡಿದ ರೋಗಿಯೊಬ್ಬ, ಮಿದುಳಿನ ಶಸ್ತ್ರಚಿಕಿತ್ಸೆಯ ನಂತರ ದೃಷ್ಟಿಯ ಒಂದು ಭಾಗದಲ್ಲಿ ತನಗೇನೂ ಕಾಣುವುದಿಲ್ಲ ಎನ್ನುತ್ತಿದ್ದ. ಅಲ್ಲಿ ಬೆಳಕು ಎಲ್ಲಿದೆ ಎಂದು ಊಹಿಸಿ ತೋರಿಸಲು ಹೇಳಿದರೆ ಬೆರಳು ಬಹುಮಟ್ಟಿಗೆ ಸರಿಯಾದ ಕಡೆಗೇ ಹೋಗುತ್ತಿತ್ತು. ಗ್ರಹಿಸುವ ಸಾಮರ್ಥ್ಯ ಇತ್ತು, ಕಂಡ ಅನುಭವ ಇರಲಿಲ್ಲ. ಮಿದುಳಿನ ರಚನೆಯೂ ಇದನ್ನೇ ಸೂಚಿಸುತ್ತದೆ: ಮನುಷ್ಯನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿಯಷ್ಟು ಇರುವುದು ಕಿರುಮಿದುಳಿನಲ್ಲಿ, ಆದರೆ ಅದಕ್ಕೆ ತೀವ್ರ ಹಾನಿಯಾದವರು ನಡಿಗೆಯಲ್ಲಿ ತಡವರಿಸಿದರೂ ಪ್ರಜ್ಞೆ ಕಳೆದುಕೊಳ್ಳುವುದಿಲ್ಲ. ಕೋಶಗಳನ್ನು ರಾಶಿ ಹಾಕಿದ ಮಾತ್ರಕ್ಕೆ ಅರಿವು ಹುಟ್ಟುವುದಿಲ್ಲ.

2006ರಲ್ಲಿ ಏಡ್ರಿಯನ್ ಓವನ್ ತಂಡ ಕಂಡದ್ದು ಇದರ ತಿರುಗುಮುರುಗು. ಕಾರು ಅಪಘಾತದ ಬಳಿಕ ಅರಿವಿನ ಯಾವ ಗುರುತೂ ತೋರದಿದ್ದ 23 ವರ್ಷದ ಯುವತಿಗೆ, ಸ್ಕ್ಯಾನರ್‌ನೊಳಗೆ ಮಲಗಿಸಿ, ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊಳ್ಳಲು ಹೇಳಿದಾಗ ಆರೋಗ್ಯವಂತರಲ್ಲಿ ಚುರುಕಾಗುವ ಚಲನೆಯ ಭಾಗವೇ ಆಕೆಯ ಮಿದುಳಿನಲ್ಲೂ ಚುರುಕಾಯಿತು. ಮನೆಯ ಕೋಣೆಗಳಲ್ಲಿ ಓಡಾಡುವುದನ್ನು ಕಲ್ಪಿಸಿಕೊಳ್ಳೆಂದಾಗ ಬೇರೆ ಭಾಗ. 2024ರಲ್ಲಿ ಪ್ರಕಟವಾದ, ಹಲವು ದೇಶಗಳ ಆಸ್ಪತ್ರೆಗಳು ಸೇರಿ ನಡೆಸಿದ ಅಧ್ಯಯನದಲ್ಲಿ ಆಜ್ಞೆಗೆ ಹೊರಗೆ ಸ್ಪಂದಿಸದ 241 ಮಂದಿಯ ಪೈಕಿ 60 ಮಂದಿ ಮಿದುಳಿನಿಂದ ಸ್ಪಂದಿಸಿದರು. ಹಾಸಿಗೆಯ ಪಕ್ಕದ ಅಂಕಿ ಕಡಿಮೆ ಇದ್ದ ಮಾತ್ರಕ್ಕೆ ಒಳಗೆ ಯಾರೂ ಇಲ್ಲ ಎನ್ನುವಂತಿಲ್ಲ ಎಂಬುದು ಐಸಿಯು ಹೊರಗೆ ಕುಳಿತ ಮನೆಯವರಿಗೆ ಸಣ್ಣ ವಿಷಯವಲ್ಲ.

ಮಿದುಳಿನಿಂದ ನೇರವಾಗಿ ಹೇಳಿಕೆ ಪಡೆಯಬಹುದೆಂಬ ಆಸೆ ಪೊಲೀಸರಿಗೂ ಹುಟ್ಟಿತ್ತು. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ ತಿಂಗಳಲ್ಲಿ, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ ಮತ್ತು ಮಿದುಳಿನ ವಿದ್ಯುತ್ ಸಂಕೇತಗಳ ಪರೀಕ್ಷೆ ನಡೆಸುವುದು ಸಂವಿಧಾನ ವಿರೋಧಿ ಎಂದು ತೀರ್ಪು ನೀಡಿತು. ವಿಜ್ಞಾನಿಗಳಿಗಿಂತ ಮೊದಲೇ ನ್ಯಾಯಾಲಯ ಮನಸ್ಸಿನ ಬಾಗಿಲಿಗೆ ಕಾನೂನಿನ ಅಗಳಿ ಹಾಕಿದ್ದು ನಮ್ಮ ರಾಜ್ಯದ ಹೆಸರಿರುವ ಪ್ರಕರಣದಲ್ಲಿ ಎಂಬುದನ್ನು ಈ ಚರ್ಚೆಯಲ್ಲಿ ಯಾರೂ ನೆನೆಯುವುದಿಲ್ಲ.

ಯಂತ್ರಗಳ ಕಡೆಗೆ ಬಂದರೆ, 1950ರಲ್ಲಿ ಅಲನ್ ಟ್ಯೂರಿಂಗ್ ಸಂಭಾಷಣೆಯನ್ನೇ ಒರೆಗಲ್ಲಾಗಿ ಸೂಚಿಸಿದ. 1966ರಲ್ಲಿ ಜೋಸೆಫ್ ವೈಜ಼ನ್‌ಬಾಮ್ ಪ್ರಕಟಿಸಿದ ಎಲೈಜಾ ಎಂಬ ಪುಟ್ಟ ಪ್ರೋಗ್ರಾಂ, ಬಳಕೆದಾರರ ವಾಕ್ಯವನ್ನೇ ತಿರುವಿ ಪ್ರಶ್ನೆ ಮಾಡಿ ಜನರಿಂದ ಅಂತರಂಗದ ಮಾತು ಹೊರಡಿಸಿದಾಗ, ಗಾಬರಿಯಾದವನು ಅದನ್ನು ರಚಿಸಿದವನೇ. 2022ರಲ್ಲಿ ಗೂಗಲ್‌ನ ಎಂಜಿನಿಯರ್ ಬ್ಲೇಕ್ ಲೆಮೊಯ್ನ್, ತಮ್ಮ ಸಂಸ್ಥೆಯ ಲ್ಯಾಮ್ಡಾ ಎಂಬ ಸಂಭಾಷಣೆಯ ಪ್ರೋಗ್ರಾಂಗೆ ಪ್ರಜ್ಞೆಯಿದೆ ಎಂದು ಬಹಿರಂಗವಾಗಿ ಹೇಳಿ ಕೆಲಸ ಕಳೆದುಕೊಂಡರು. ಅವರು ಮುಂದಿಟ್ಟ ಮುಖ್ಯ ಆಧಾರ ಆ ಯಂತ್ರದ ಮಾತುಗಳು. ಮನುಷ್ಯರು ಬರೆದ ಅಪಾರ ಪಠ್ಯದಿಂದ ಕಲಿತ ಮಾದರಿಯೊಂದು ಹುಬ್ಬಳ್ಳಿಯ ಧಾಟಿಯಲ್ಲೇ ‘ನನಗ ಭಾಳ ಬ್ಯಾಸರಾಗೇದ’ ಎಂದರೂ, ಅದು ನ್ಯಾಯಾಲಯದಲ್ಲಿ ವಕೀಲರು ಆಕ್ಷೇಪಿಸುವ ಹೇಳಿಕೊಟ್ಟ ಸಾಕ್ಷಿಯ ಹೇಳಿಕೆ: ಸುಳ್ಳೇ ಆಗಿರಬೇಕೆಂದಿಲ್ಲ, ಆದರೆ ಅದರಿಂದ ಏನನ್ನೂ ಸಾಧಿಸಲಾಗದು.

ಈ ತೊಡಕಿಗೆ ಎರಡು ಉಪಾಯಗಳು ಬಂದಿವೆ. ಪ್ರಜ್ಞೆಯ ಕುರಿತ ಮಾತುಗಳನ್ನೇ ಕಲಿಸದೆ ಯಂತ್ರವನ್ನು ಬೆಳೆಸಿ, ಅದು ತಾನಾಗಿ ಅಂತರಂಗದ ಪ್ರಶ್ನೆ ಎತ್ತುತ್ತದೆಯೇ ನೋಡಬೇಕೆಂದು ಸೂಸನ್ ಷ್ನೈಡರ್ ಮತ್ತು ಎಡ್ವಿನ್ ಟರ್ನರ್ ಸೂಚಿಸಿದರು. ಇಂದಿನ ಭಾಷಾ ಮಾದರಿಗಳಿಗೆ ಅದು ಕಾಲ ಮೀರಿದ ಸಲಹೆ. ಮತ್ತೊಂದು, 2023ರಲ್ಲಿ 19 ಸಂಶೋಧಕರು ಬರೆದ ವರದಿಯದು: ಯಂತ್ರ ಹೇಳುವುದನ್ನು ಬದಿಗಿಟ್ಟು, ಮಿದುಳಿನ ಸಿದ್ಧಾಂತಗಳು ಪ್ರಜ್ಞೆಗೆ ಅಗತ್ಯವೆನ್ನುವ ವ್ಯವಸ್ಥೆ ಅದರೊಳಗೆ ಇದೆಯೇ ಎಂದು ಪರಿಶೀಲಿಸುವುದು. ಆಗಿನ ಯಾವ ಯಂತ್ರವೂ ಗಟ್ಟಿ ಅಭ್ಯರ್ಥಿಯಲ್ಲ ಎಂದ ಅವರು, ಅಂಥದನ್ನು ಕಟ್ಟಲು ತಾಂತ್ರಿಕ ಅಡ್ಡಿ ಕಾಣುವುದಿಲ್ಲ ಎಂದೂ ಸೇರಿಸಿದರು.

ಆದರೆ ಯಾವ ಸಿದ್ಧಾಂತವನ್ನು ಹಿಡಿಯುವುದು? ಪ್ರಜ್ಞೆಯ ನರಮೂಲ, ಅಂದರೆ ಅದಕ್ಕೆ ಆಧಾರವಾದ ಮಿದುಳಿನ ಕ್ರಿಯೆ, 25 ವರ್ಷಗಳಲ್ಲಿ ಸಿಗುತ್ತದೆ ಎಂದು 1998ರಲ್ಲಿ ತತ್ತ್ವಜ್ಞ ಡೇವಿಡ್ ಚಾಮರ್ಸ್ ಜೊತೆ ಬಾಜಿ ಕಟ್ಟಿದ್ದ ನರವಿಜ್ಞಾನಿ ಕ್ರಿಸ್ಟಾಫ್ ಕೋಖ್, 2023ರಲ್ಲಿ ಸೋಲೊಪ್ಪಿ ವೈನ್ ತಂದುಕೊಟ್ಟರು. ಎರಡು ಪ್ರಮುಖ ಸಿದ್ಧಾಂತಗಳನ್ನು ಎದುರುಬದುರು ನಿಲ್ಲಿಸಿ 256 ಮಂದಿಯ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2025ರಲ್ಲಿ ಪ್ರಕಟವಾದಾಗ ಎರಡರ ಮುಖ್ಯ ನಿರೀಕ್ಷೆಗಳಲ್ಲೂ ಕೆಲವು ಕೈಕೊಟ್ಟಿದ್ದವು. ಆ ಎರಡು ಸಿದ್ಧಾಂತಗಳಲ್ಲಿ ಒಂದು, ಮಾಹಿತಿ ಇಡೀ ಮಿದುಳಿಗೆ ಪ್ರಸಾರವಾಗುವುದೇ ಪ್ರಜ್ಞೆ ಎನ್ನುವುದರಿಂದ, ಅಂಥದೇ ಪ್ರಸಾರ ವ್ಯವಸ್ಥೆಯುಳ್ಳ ಸಾಫ್ಟ್‌ವೇರ್‌ಗೂ ಅದು ಸಾಧ್ಯ ಎಂದಾಗುತ್ತದೆ. ಇನ್ನೊಂದಾದ ಜೂಲಿಯೊ ಟೊನೋನಿಯವರ ಸಮಗ್ರ ಮಾಹಿತಿ ಸಿದ್ಧಾಂತದ ಪ್ರಕಾರ ಲೆಕ್ಕಕ್ಕೆ ಬರುವುದು ಯಂತ್ರಾಂಶದ ಭೌತಿಕ ಹೆಣಿಗೆ ಮಾತ್ರ. ಹಾಗಾಗಿ ಧಾರವಾಡದ ಪ್ರಯೋಗಾಲಯದಲ್ಲಿರುವ ಇಂದಿನ ಬಗೆಯ ಕಂಪ್ಯೂಟರಿನಲ್ಲಿ ಮನುಷ್ಯನ ಇಡೀ ಮಿದುಳನ್ನೇ ಅನುಕರಿಸಿ ಓಡಿಸಿದರೂ, ಅದು ಎಷ್ಟೇ ಚೆನ್ನಾಗಿ ಮಾತನಾಡಿದರೂ, ಅಲ್ಲಿ ಅನುಭವಿಸುವವರು ಯಾರೂ ಇರುವುದಿಲ್ಲ.