ಆಗಮನ ಕಾಲ: ಕಾಯುವ ನಾಲ್ಕು ವಾರ

ಕನ್ನಡದ ‘ಕಾಯು’ ಎಂಬ ಮಾತಿಗೆ ಬರುವವರ ದಾರಿ ನೋಡು ಎಂಬ ಅರ್ಥವೂ ಇದೆ, ಕಾವಲಿದ್ದು ಉಳಿಸಿಕೋ ಎಂಬ ಅರ್ಥವೂ ಇದೆ. ಬಸ್ಸಿಗೂ ಕಾಯುತ್ತೇವೆ, ಬೆಳೆಯನ್ನೂ ಕಾಯುತ್ತೇವೆ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿಯನ್ನು ಕ್ರೈಸ್ತರು ‘ಆಗಮನ ಕಾಲ’ ಎನ್ನುತ್ತಾರೆ. ಹಾಗೆಂದರೇನು ಎಂದು ಕೇಳಿದವರಿಗೆ ನಾನು ಮೊದಲು ಹೇಳುವುದು ಈ ‘ಕಾಯು’ವಿನ ಸಂಗತಿಯನ್ನೇ. ಆ ಎರಡು ಅರ್ಥಗಳಲ್ಲಿ ಒಂದನ್ನು ಬಿಟ್ಟರೂ ಆಗಮನ ಕಾಲ ಪೂರ್ತಿ ಅರ್ಥವಾಗುವುದಿಲ್ಲ.

ಮೂಲದಲ್ಲಿ ಇದು ಲ್ಯಾಟಿನ್ನಿನ ‘ಆಡ್ವೆಂಟುಸ್’, ಅಂದರೆ ಬರುವಿಕೆ. ಚಕ್ರವರ್ತಿ ವಿಧ್ಯುಕ್ತವಾಗಿ ನಗರವನ್ನು ಪ್ರವೇಶಿಸುವುದಕ್ಕೂ ರೋಮನ್ನರು ಇದೇ ಪದ ಬಳಸುತ್ತಿದ್ದರು. ನಮ್ಮಲ್ಲಿ ದೊಡ್ಡವರು ಮನೆಗೆ ಬಂದರೆ ‘ದಯಮಾಡಿಸಿದರು’ ಎನ್ನುವುದಿಲ್ಲವೇ? ಬರುವುದೇ ಒಂದು ದಯೆ ಎಂಬ ಆ ಭಾವ ‘ಆಗಮನ’ದ ಹಿಂದೆಯೂ ಇದೆ.

ಲೆಕ್ಕ ಸರಳ. ನವೆಂಬರ್ 30 ಯೇಸುವಿನ ಶಿಷ್ಯ ಸಂತ ಅಂದ್ರೆಯರ ಹಬ್ಬ. ಅದಕ್ಕೆ ಹತ್ತಿರದ ಭಾನುವಾರ ಆಗಮನ ಕಾಲ ಆರಂಭವಾಗುತ್ತದೆ. ನವೆಂಬರ್ 27ಕ್ಕಿಂತ ಮೊದಲಾಗಲಿ ಡಿಸೆಂಬರ್ 3ರ ನಂತರವಾಗಲಿ ಅದು ಬೀಳುವುದಿಲ್ಲ. ಹೀಗಾಗಿ ಅವಧಿ 22ರಿಂದ 28 ದಿನಗಳವರೆಗೆ ಹಿಗ್ಗುತ್ತದೆ, ಕುಗ್ಗುತ್ತದೆ. 2023ರಲ್ಲಿ ನಾಲ್ಕನೆಯ ಭಾನುವಾರ ಡಿಸೆಂಬರ್ 24ರಂದೇ ಬಂದಿತ್ತು. ಪಾಶ್ಚಾತ್ಯ ಸಂಪ್ರದಾಯದ ಚರ್ಚ್‌ಗಳಿಗೆ ಪೂಜಾವರ್ಷದ ಮೊದಲ ದಿನವೂ ಆಗಮನ ಕಾಲದ ಮೊದಲ ಭಾನುವಾರವೇ.

ಆಚರಣೆಯ ಬೇರು ಹಳೆಯದು. ಡಿಸೆಂಬರ್ 17ರಿಂದ ಜನವರಿ 6ರವರೆಗಿನ 21 ದಿನ ಯಾರೂ ಚರ್ಚ್ ತಪ್ಪಿಸಬಾರದು ಎಂದು ಸ್ಪೇನಿನ ಸಾರಗೋಸಾದಲ್ಲಿ 380ರಲ್ಲಿ ಸೇರಿದ ಧರ್ಮಸಭೆ ವಿಧಿಸಿತ್ತು. ಐದನೆಯ ಶತಮಾನದಲ್ಲಿ ಈಗಿನ ಫ್ರಾನ್ಸಿನ ತೂರ್ ನಗರದ ಬಿಷಪರು ನವೆಂಬರ್ 11ರಿಂದ ಕ್ರಿಸ್‌ಮಸ್‌ವರೆಗೆ ವಾರಕ್ಕೆ ಮೂರು ದಿನ ಉಪವಾಸ ಹೇಳಿದರು. ಕೇರಳದ ಸುರಿಯಾನಿ ಕ್ರೈಸ್ತರು ಈಗಲೂ ಡಿಸೆಂಬರ್ ಒಂದರಿಂದ 25 ದಿನಗಳ ‘ನೋಂಬು’ ಹಿಡಿಯುತ್ತಾರೆ. ವ್ರತ ಎಂಬ ಅರ್ಥದ ನಮ್ಮ ಹಳಗನ್ನಡದ ‘ನೋಂಪಿ’ ಇದರ ಒಡಹುಟ್ಟು. ಜೈನರ ನೋಂಪಿಗಳ ಬಗ್ಗೆ ಓದಿದವರಿಗೆ ಕ್ರೈಸ್ತರ ಈ ಮಾತು ಪರಕೀಯವೆನಿಸುವುದಿಲ್ಲ ಎಂಬುದು ನನಗೆ ಬಹಳ ಸಂತೋಷದ ಸಂಗತಿ.

ಕಾಯುವುದು ಯಾರಿಗಾಗಿ? ಬೆತ್ಲೆಹೇಮಿನಲ್ಲಿ ಹುಟ್ಟಿದ ಮಗುವಿಗಾಗಿ ಎಂದರೆ ಉತ್ತರ ಅರ್ಧ ಮಾತ್ರ. ಹುಟ್ಟಿಯಾಗಿದೆಯಲ್ಲ! ಮೊದಲ ಭಾನುವಾರ ಚರ್ಚಿನಲ್ಲಿ ಓದುವ ಶುಭಸಂದೇಶದಲ್ಲಿ, ಅಂದರೆ ಬೈಬಲಿನ ಯೇಸುವಿನ ಕಥೆಯ ಭಾಗದಲ್ಲಿ, ಆ ಮಗುವನ್ನು ಮಲಗಿಸಿದ ಗೋದಲಿಯ ಸುಳಿವಿಲ್ಲ. ಯೇಸು ಮರಳಿ ಬರುವ ದಿನದ ಮಾತಿದೆ, ‘ಎಚ್ಚರವಾಗಿರಿ’ ಎಂಬ ಕರೆಯಿದೆ. ಕಥೋಲಿಕರ ಪೂಜೆಯಲ್ಲಿ ಡಿಸೆಂಬರ್ 16ರವರೆಗೆ ಗಮನ ಆ ಮರುಬರವಿನ ಕಡೆಗೆ. 17ರಿಂದ ಜನನದ ಕಡೆಗೆ. ಹನ್ನೆರಡನೆಯ ಶತಮಾನದ ಸಂತ ಬರ್ನಾರ್ಡರು ಇವೆರಡರ ನಡುವೆ ಮೂರನೆಯದೊಂದನ್ನು ಹೇಳಿದರು: ಈಗ, ಇಲ್ಲಿ, ಮನಸ್ಸಿನೊಳಕ್ಕೆ ಬರುವ ಆಗಮನ. ಸಿದ್ಧತೆಯೆಲ್ಲ ಇರುವುದು ಈ ಮೂರನೆಯದಕ್ಕೆ ಎಂದು ನಾನು ತಿಳಿದಿದ್ದೇನೆ.

ಆ ಸಿದ್ಧತೆಯ ಚಿತ್ರ ಪ್ರವಾದಿ ಯೆಶಾಯನ ಗ್ರಂಥದ ನಲವತ್ತನೆಯ ಅಧ್ಯಾಯದಲ್ಲಿದೆ. ಅಡವಿಯಲ್ಲಿ ದಾರಿ ಮಾಡಬೇಕು, ಹಳ್ಳ ತುಂಬಬೇಕು, ದಿಣ್ಣೆ ಕಡಿಯಬೇಕು. ಯೇಸುವಿನ ಬರವನ್ನು ಸಾರಿದ ಸ್ನಾನಿಕ ಯೊವಾನ್ನ ಜೋರ್ದಾನ್ ನದಿಯ ದಂಡೆಯಲ್ಲಿ ಕೂಗಿ ಹೇಳಿದ್ದೂ ಇದನ್ನೇ. ದಿಣ್ಣೆ ಎಲ್ಲಿದೆ ಎಂದು ಹುಡುಕುತ್ತಾ ದೂರ ಹೋಗಬೇಕಿಲ್ಲ. ಗದ್ದೆಯ ಬದುವಿನ ತಕರಾರಿನಲ್ಲಿ ಮಾತು ಬಿಟ್ಟ ತಮ್ಮನ ಮನೆಯ ಮೆಟ್ಟಿಲು ಹತ್ತುವುದು ಎಷ್ಟು ಕಷ್ಟ ಎಂದು ಹತ್ತಿದವರಿಗೇ ಗೊತ್ತು. ಗುರುಗಳ ಮುಂದೆ ತಪ್ಪೊಪ್ಪಿಕೊಳ್ಳುವ ಪಾಪನಿವೇದನೆಗೆ ಮೊಣಕಾಲೂರುವವರು ಈ ದಿನಗಳಲ್ಲಿ ಹೆಚ್ಚಾಗುವುದು ಅದಕ್ಕೇ.

ಇಲ್ಲಿ ‘ನಿರೀಕ್ಷೆ’ ಎಂಬ ಪದವನ್ನೂ ನೋಡಬೇಕು. ‘ನಂಬಿಕೆ ನಿರೀಕ್ಷೆ ಪ್ರೀತಿ’ ಎಂದು ಕನ್ನಡ ಬೈಬಲ್ ಮೂರನ್ನು ಒಟ್ಟಿಗೆ ಹೇಳುತ್ತದೆ. ನಿರೀಕ್ಷೆಯೊಳಗೆ ‘ಈಕ್ಷಿಸು’ ಇದೆ, ಅಂದರೆ ನೋಡು. ಕಣ್ಣು ಮುಚ್ಚಿಕೊಂಡೂ ಆಸೆಪಡಬಹುದು. ನಿರೀಕ್ಷೆಗೆ ಕಣ್ಣು ತೆರೆದಿರಬೇಕು. ದಾರಿ ಮಾಡಿರೆಂಬ ಆ ಮಾತು ಬಾಬಿಲೋನಿನ ಸೆರೆಯಲ್ಲಿ ಊರು, ದೇವಾಲಯ ಎಲ್ಲ ಕಳೆದುಕೊಂಡ ಯೆಹೂದ್ಯರನ್ನು ಸಂತೈಸಲು ಬಂದದ್ದು. ಕತ್ತಲೆ ಎಷ್ಟೆಂದು ಅವರಿಗೆ ಗೊತ್ತಿತ್ತು, ಆದರೂ ದಾರಿ ನೋಡಿದರು.

ಹೊರಗಿನ ಗುರುತುಗಳೂ ಇದನ್ನೇ ಹೇಳುತ್ತವೆ. ಗುರುಗಳ ಪೂಜಾವಸ್ತ್ರ ನೇರಳೆ, ಮೂರನೆಯ ಭಾನುವಾರ ಮಾತ್ರ ಗುಲಾಬಿ: ಹಬ್ಬ ಹತ್ತಿರವಾಯಿತು, ಹಿಗ್ಗಿರಿ ಎಂದು. ‘ಮಹೋನ್ನತದಲ್ಲಿ ದೇವರಿಗೆ ಮಹಿಮೆ’ ಗೀತೆಯನ್ನು ಈ ಭಾನುವಾರಗಳಲ್ಲಿ ಹಾಡುವುದಿಲ್ಲ. ಯೇಸು ಹುಟ್ಟಿದಾಗ ದೇವದೂತರು ಹಾಡಿದ ಆ ರಾತ್ರಿಗಾಗಿ ಅದನ್ನು ಎತ್ತಿಡುತ್ತಾರೆ. ವಾರಕ್ಕೊಂದು ಮೇಣದಬತ್ತಿ ಹಚ್ಚುವ ಹಸಿರೆಲೆಗಳ ಬಳೆಯ ಮೂಲ 1839ರ ಜರ್ಮನಿಯ ಹ್ಯಾಂಬರ್ಗಿನಲ್ಲಿದೆ. ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ಹಿನ್ರಿಶ್ ವಿಶರ್ನ್, ಹಬ್ಬಕ್ಕೆ ಎಷ್ಟು ದಿನ ಉಳಿಯಿತೆಂದು ಆ ಮಕ್ಕಳಿಗೆ ತಿಳಿಯಲೆಂದು ಗಾಡಿಯ ಚಕ್ರದ ಮೇಲೆ ದಿನಕ್ಕೊಂದು ಬತ್ತಿ ನಿಲ್ಲಿಸಿದ್ದರು.

ನಮ್ಮ ಮನೆಯಲ್ಲಿ ಬತ್ತಿಯ ಬಳೆ ಇರಲಿಲ್ಲ, ರಾಗಿ ಇತ್ತು. ಹಬ್ಬಕ್ಕೆ ಹತ್ತು ದಿನವಿರುವಾಗ ಅಮ್ಮ ತೆಂಗಿನ ಕರಟಗಳಿಗೆ ಮಣ್ಣು ತುಂಬಿಸಿ, ನೆನೆಸಿದ ರಾಗಿ ಚೆಲ್ಲುತ್ತಿದ್ದರು. ಯೇಸು ಹುಟ್ಟಿದ ದೃಶ್ಯವನ್ನು ಗೊಂಬೆಗಳಿಂದ ಜೋಡಿಸುವ ಗೋದಲಿಯ ಸುತ್ತ ಅದೇ ಹಸಿರು ಹುಲ್ಲುಗಾವಲು. ಮೂರನೆಯ ದಿನ ಬಿಳಿ ಮೊಳಕೆ ಕಾಣಿಸುತ್ತಿತ್ತು. ಆಮೇಲಿನ ಕೆಲಸ ನನ್ನದು: ಬೆಳಿಗ್ಗೆ ಕೈಯಿಂದ ನೀರು ಚಿಮುಕಿಸುವುದು, ಸಂಜೆಯವರೆಗೆ ಕೋಳಿಗಳು ಕೆದಕದಂತೆ ಜಗಲಿಯಲ್ಲಿ ಕೂತು ಕಾಯುವುದು. ಹಬ್ಬಕ್ಕೂ ಕಾಯುತ್ತಿದ್ದೆ, ಮೊಳಕೆಯನ್ನೂ ಕಾಯುತ್ತಿದ್ದೆ. ಲೂಕನ ಶುಭಸಂದೇಶದಲ್ಲಿ ಸುದ್ದಿ ಮೊದಲು ಮುಟ್ಟಿದ ಕುರುಬರು ಮಾಡುತ್ತಿದ್ದುದೂ ಅದೇ ಕೆಲಸ, ಅವರು ರಾತ್ರಿಯಲ್ಲಿ ಕುರಿಹಿಂಡನ್ನು ಕಾಯುತ್ತಿದ್ದರು.

ಇಪ್ಪತ್ನಾಲ್ಕರ ಸಂಜೆ ಗೋದಲಿ ಸಿದ್ಧವಾಗುತ್ತಿತ್ತು. ಮರಿಯ, ಜೋಸೆಫ್, ಹಸು, ಕತ್ತೆ ಎಲ್ಲರೂ ಗೆರೆಗೆ ನಿಂತಿರುತ್ತಿದ್ದರು. ನಡುವೆ ಒಂದು ಹಿಡಿ ಒಣಹುಲ್ಲು, ಅದರ ಮೇಲೆ ಏನೂ ಇಲ್ಲ. ನಡುರಾತ್ರಿಯ ಪೂಜೆ ಮುಗಿಸಿ ಬರುವವರೆಗೆ ಬಾಲಯೇಸುವಿನ ಪುಟ್ಟ ಮೂರ್ತಿ ಅಮ್ಮನ ಪೆಟ್ಟಿಗೆಯಲ್ಲಿ, ಸೀರೆಯ ಮಡಿಕೆಯೊಳಗೆ ಇರುತ್ತಿತ್ತು.